206 ದಿನಗಳ ಲೆಕ್ಕ

2008ರ ಬೇಸಿಗೆಯಲ್ಲಿ ದಿಲ್ಲಿಯ ನಮ್ಮ ಕಚೇರಿಯ ದಾಖಲೆ ಕೊಠಡಿಯನ್ನು ಹಗುರಗೊಳಿಸುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಸಹೋದ್ಯೋಗಿಗಳಿಬ್ಬರೊಡನೆ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ದಿನಕ್ಕೆ ನೂರಾರು ಕಡತಗಳನ್ನು ನೋಡುತ್ತಿದ್ದೆವು. ನಿಯಮ ಸರಳವಾದುದು. ‘ಎ’ ವರ್ಗದ ಕಡತವನ್ನು ಉಳಿಸಿ ಮೈಕ್ರೊಫಿಲ್ಮ್ ಮಾಡಿಸಬೇಕು. ‘ಬಿ’ ವರ್ಗದ್ದನ್ನು ಉಳಿಸಿದರೆ ಸಾಕು. ‘ಸಿ’ ವರ್ಗಕ್ಕೆ ಹೆಚ್ಚೆಂದರೆ 10 ವರ್ಷಗಳ ಆಯುಸ್ಸು. 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮದಂತೆ 1892ಕ್ಕಿಂತ ಹಿಂದಿನ ಕಾಗದವನ್ನು, ಅದು ಬಳಕೆಗೆ ಬಾರದಷ್ಟು ಜೀರ್ಣವಾಗಿದೆಯೆಂದು ಪತ್ರಾಗಾರದ ಮುಖ್ಯಸ್ಥರಿಗೆ ಅನಿಸಿದ ಹೊರತು, ನಾಶಮಾಡುವಂತಿಲ್ಲ. ಅಂಥ ಹಿರಿಯ ಕಾಗದ ನಮ್ಮಲ್ಲಿ ಒಂದೂ ಇರಲಿಲ್ಲ.

ಎಂ.ಎ. ತರಗತಿಯಲ್ಲಿ ಹಳೆಯ ನಾಟಕವೊಂದರ ಒಂದು ಪದದ ಪಾಠಾಂತರಕ್ಕಾಗಿ ವಾರಗಟ್ಟಲೆ ಚರ್ಚಿಸಿದ್ದ ನಾವು ಇಲ್ಲಿ ಕಡತವೊಂದಕ್ಕೆ ಅರ್ಧ ನಿಮಿಷ ಕೊಡುತ್ತಿದ್ದೆವು.

ಹನ್ನೊಂದು ವರ್ಷಗಳ ಬಳಿಕ ಒಬ್ಬ ವೃದ್ಧರು ಬಂದರು. ಹಿಂದೆ ನಮ್ಮಲ್ಲಿಯೇ ದಿನಗೂಲಿಯಾಗಿ ಕೂಲರುಗಳಿಗೆ ನೀರು ತುಂಬುತ್ತಿದ್ದವರು. 1993ರ ಸೆಪ್ಟೆಂಬರಿನಲ್ಲಿ ದಿನಗೂಲಿಗಳಿಗೆ ತಾತ್ಕಾಲಿಕ ಸ್ಥಾನಮಾನ ನೀಡುವ ಯೋಜನೆ ಬಂದಿತ್ತು: ವರ್ಷದಲ್ಲಿ 240 ದಿನ, ವಾರಕ್ಕೆ ಐದು ದಿನ ನಡೆಯುವ ಕಚೇರಿಯಾದರೆ 206 ದಿನ ದುಡಿದಿರಬೇಕು. ತಾವು ದುಡಿದಿದ್ದರೂ ಪಟ್ಟಿಯಿಂದ ಬಿಟ್ಟುಹೋಯಿತೆಂಬುದು ಅವರ ಅಹವಾಲು. “ಹಾಜರಿ ಪುಸ್ತಕ ತೆಗೆಸಿ ಎಣಿಸಿ ಸಾಹೇಬರೆ, ಅಷ್ಟೇ ಸಾಕು” ಎಂದರು.

ಪುಸ್ತಕವಿರಲಿಲ್ಲ. ನಾಶಪಡಿಸಿದ ದಾಖಲೆಗಳ ಪಟ್ಟಿಯಲ್ಲಿ ಅದರ ನಮೂದು ಸಿಕ್ಕಿತು: ದಿನಗೂಲಿ ಹಾಜರಿ, 1992–93, ವರ್ಗ ‘ಸಿ’. ಅಕ್ಷರ ನಮ್ಮದೇ.

ನಿಯಮವನ್ನು ನಾವು ದೂರಲಾರೆವು. ಎಲ್ಲವನ್ನೂ ಇಟ್ಟುಕೊಂಡ ಕಚೇರಿಯಲ್ಲಿ ಏನೂ ಸಿಗುವುದಿಲ್ಲವೆಂಬುದು ನಮ್ಮ ಅನುಭವವೂ ಹೌದು. ಆದರೆ ಕಡತಕ್ಕೆ ವರ್ಗ ನೀಡುವಾಗ ಅದು ಕಚೇರಿಗೆ ಎಷ್ಟು ಕಾಲ ಬೇಕೆಂದಷ್ಟೇ ನಾವು ಯೋಚಿಸುತ್ತೇವೆ. ಅದು ಮತ್ತಾರಿಗೋ ಇರುವ ಏಕೈಕ ಸಾಕ್ಷಿಯೆಂಬುದು ಹೊಳೆಯುವುದಿಲ್ಲ. ಈಚೆಗೆ ಕೂಲಿಯವರ ಹೆಸರುಗಳಿರುವ ಪುಸ್ತಕ ಪರಿಶೀಲನೆಗೆ ಬಂದರೆ ‘ಇನ್ನಷ್ಟು ಕಾಲ ಇಡಬಹುದು’ ಎಂದು ಬರೆಯುತ್ತೇವೆ. ಜಾಗವಿಲ್ಲವೆಂದು ದಾಖಲೆ ಕೊಠಡಿಯವರು ಗೊಣಗುತ್ತಾರೆ.

ನಾವು ವಿಷಯ ತಿಳಿಸಿದಾಗ ಅವರು ಕೋಪಗೊಳ್ಳಲಿಲ್ಲ. ಆ ಪಟ್ಟಿಯನ್ನು ತಮ್ಮತ್ತ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದರು.

“ಇದನ್ನು ಎಷ್ಟು ವರ್ಷ ಇಡುತ್ತೀರಿ?”

“ಇದು ಶಾಶ್ವತ” ಎಂದೆವು.

“ಹಾಗಾದರೆ ಇದರದ್ದೇ ಒಂದು ನಕಲು ಕೊಡಿ. ಅಂಥದೊಂದು ಪುಸ್ತಕ ಇತ್ತೆಂದಾದರೂ ತೋರಿಸುತ್ತೇನೆ.”

ಜೆರಾಕ್ಸ್ ಮಾಡಿಸಿ, ಮೊಹರು ಒತ್ತಿ, ಸಹಿ ಹಾಕಿ ಕೊಟ್ಟೆವು.