ಆಗಸ್ಟ್ 15 ಮತ್ತು ಆಗಸ್ಟ್ 18

ರಾಸ್ ಲಫಾನ್‌ನಲ್ಲಿ ಆಗಸ್ಟ್ 15 ಎಂದರೆ ಅನಿಲ ಸ್ಥಾವರದ ಪಾಳಿ ಕೆಲಸದ ನಡುವೆ ಸಿಕ್ಕಷ್ಟು ಹಬ್ಬ. ರಜೆಯಂತೂ ಇಲ್ಲ. ಬಿಡುವಿದ್ದವರು ದೋಹಾಕ್ಕೆ ಧ್ವಜಾರೋಹಣಕ್ಕೆ ಹೋಗುತ್ತಾರೆ, ಉಳಿದವರು ಟಿ.ವಿ.ಯಲ್ಲಿ ಕೆಂಪುಕೋಟೆ ನೋಡಿ, ಸಂಜೆ ಲಡ್ಡು ಹಂಚಿಕೊಳ್ಳುತ್ತೇವೆ. ನಾನೂ ಸಂಭ್ರಮಪಡುವವನೇ. ಆದರೆ ಉಡುಪಿ ಕಡೆಯವನಾದ ನನಗೆ ಮೂರು ದಿನ ಕಳೆದು ಬರುವ ಇನ್ನೊಂದು ಹಬ್ಬವೂ ನೆನಪಾಗುತ್ತದೆ. ಆಗಸ್ಟ್ 18, ಕೊರಗರ ಭೂಮಿ ಹಬ್ಬ. 1993ರಲ್ಲಿ ಜಮೀನಿಗಾಗಿ ನಡೆಸಿದ ಹೋರಾಟದ ನೆನಪಿಗೆ ಅವರೇ ಆಚರಿಸಿಕೊಳ್ಳುವ ದಿನ ಅದು. ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

"ಕೊರಗರು ಅಂದ್ರೆ ಕೊರಗಜ್ಜನ ಕಡೆಯವರಾ ಪಪ್ಪಾ?" ಎಂದು ಇಲ್ಲೇ ಬೆಳೆದ ಮಗಳು ಕೇಳಿದಳು. ಹೌದು ಮಗಳೇ, ಅವರೇ. ಇಲ್ಲಿರುವ ಕರಾವಳಿಯವರ ಎಷ್ಟೋ ಕಾರುಗಳಲ್ಲಿ ಅಜ್ಜನ ಚಿತ್ರವಿದೆ. ಪಾಸ್‌ಪೋರ್ಟ್ ಕಾಣೆಯಾದರೆ ಚಕ್ಕುಲಿ, ವೀಳ್ಯ, ಕಳ್ಳಿನ ಹರಕೆ ಹೊರುತ್ತೇವೆ. ಅದೇ ಅಜ್ಜನ ಕುಲದವರನ್ನು ಮಾತ್ರ ತಲೆಮಾರುಗಳ ಕಾಲ ಅಂಗಳದಾಚೆ ನಿಲ್ಲಿಸಿದೆವು!

ನಿಲ್ಲಿಸಿದ್ದಷ್ಟೇ ಆಗಿದ್ದರೆ ಬೇರೆ ಮಾತು. ನಾನು ಚಿಕ್ಕವನಿದ್ದಾಗ ಊರಿನ ಒಂದು ಮನೆಯ ಸೀಮಂತದಲ್ಲಿ ಬಸುರಿಯ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗ ಹೆಂಗಸಿನ ಮುಂದಿಟ್ಟದ್ದನ್ನು ಕಣ್ಣಾರೆ ನೋಡಿದ್ದೇನೆ. ಬರುವ ಕೆಡುಕು ಅವಳಿಗೆ ದಾಟಲಿ ಎಂಬ ನಂಬಿಕೆ. ಕಂಬಳ ಶುರುವಾಗುವ ಮೊದಲು ಕೊರಗರನ್ನು ಕೋಣಗಳಂತೆ ಗದ್ದೆಯಲ್ಲಿ ಓಡಿಸುವುದೂ ಇತ್ತು. ಇದಕ್ಕೆಲ್ಲ 'ಅಜಲು' ಎಂದು ಹೆಸರು. ಇದನ್ನು ಅಪರಾಧವೆಂದು ಸಾರುವ ಕಾಯ್ದೆ ಕರ್ನಾಟಕದಲ್ಲಿ ಬಂದದ್ದು 2000ದಲ್ಲಿ. ಸ್ವಾತಂತ್ರ್ಯ ಬಂದು 53 ವರ್ಷಗಳಾದ ಮೇಲೆ!

ವೈದ್ಯನಾದ ನನ್ನನ್ನು ಹೆಚ್ಚು ಕಾಡುವುದು ಒಂದು ಲೆಕ್ಕ. 2001ರ ಜನಗಣತಿಯಲ್ಲಿ ಕರ್ನಾಟಕದ ಕೊರಗರು 16,071. 2011ರಲ್ಲಿ 14,794. ಅದೇ ಹತ್ತು ವರ್ಷಗಳಲ್ಲಿ ರಾಜ್ಯದ ಜನಸಂಖ್ಯೆ 5.28 ಕೋಟಿಯಿಂದ 6.11 ಕೋಟಿಗೆ ಏರಿತ್ತು. ಯುದ್ಧವಿಲ್ಲ, ಕ್ಷಾಮವಿಲ್ಲ, ಆದರೂ ಒಂದು ಸಮುದಾಯ ಕರಗುತ್ತದೆ ಎಂದರೆ ಏನರ್ಥ? ನಾನು ಹೌಸ್ ಸರ್ಜನ್ ಆಗಿದ್ದಾಗ ವಾರ್ಡಿಗೆ ಬರುತ್ತಿದ್ದ ಕೊರಗ ತಾಯಂದಿರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಕಾಗದದಂತೆ ಬಿಳಿಚಿಕೊಂಡಿರುತ್ತಿತ್ತು. ಕಬ್ಬಿಣಾಂಶದ ಮಾತ್ರೆ ಬರೆದುಕೊಡುತ್ತಿದ್ದೆವು. ಹೊಟ್ಟೆಗೆ ಏನು ತಿನ್ನುತ್ತೀರಿ ಎಂದು ಕೇಳಿದರೆ ಅವರು ಸುಮ್ಮನೆ ನಗುತ್ತಿದ್ದರು. ಕಾಡಿನ ಬಿಳಲು, ಬಿದಿರು ತಂದು ಬುಟ್ಟಿ ಹೆಣೆದು ಬದುಕುವವರು ಅವರು. ಪ್ಲಾಸ್ಟಿಕ್ ಬಂದ ಮೇಲೆ ಬುಟ್ಟಿ ಕೇಳುವವರೂ ಕಡಿಮೆಯಾದರು. ಸರ್ಕಾರ ಪೌಷ್ಟಿಕ ಆಹಾರ ಕೊಡುತ್ತದೆ, ಒಳ್ಳೆಯದೇ. ಆದರೆ ಸ್ವಂತ ಗದ್ದೆಯ ಅನ್ನಕ್ಕೂ ಸರ್ಕಾರದ ಚೀಲದ ಅನ್ನಕ್ಕೂ ವ್ಯತ್ಯಾಸವಿದೆ.

ಅವರು ಕೇಳಿದ್ದೂ ಭೂಮಿಯನ್ನೇ. ಕುಟುಂಬಕ್ಕೆ ಎರಡೂವರೆ ಎಕರೆ ಕೊಡಬೇಕೆಂದು ಡಾ. ಮಹಮ್ಮದ್ ಪೀರ್ ವರದಿ ಶಿಫಾರಸು ಮಾಡಿದ್ದು 1994ರಲ್ಲಿ. ನಮ್ಮ ಸಂಘದ ಊಟದ ಪಂಕ್ತಿಯಲ್ಲಿ ರಾಜಕೀಯ ಮುಗಿದ ಮೇಲೆ ಬರುವ ಮಾತೆಂದರೆ ಮಣಿಪಾಲದಲ್ಲಿ ಸೆಂಟ್ಸಿಗೆ ಈಗ ಎಷ್ಟು, ಎರಡನೇ ಸೈಟು ಎಲ್ಲಿ ಮಾಡುವುದು ಎಂಬುದೇ. ಅದೇ ಜಿಲ್ಲೆಯಲ್ಲಿ ಎಷ್ಟೋ ಕೊರಗ ಕುಟುಂಬಗಳಿಗೆ ಆ ಎರಡೂವರೆ ಎಕರೆ ಇನ್ನೂ ಬಂದಿಲ್ಲ.