ನಾಲ್ಕನೆಯ ಬೋಲ್ಟು

ತರ್ಕಶಾಸ್ತ್ರದ ಮೊದಲ ಪಾಠಗಳಲ್ಲಿಯೇ ಬಾಲಕರಿಗೆ ಎರಡು ಬಗೆಯ ಸಂಬಂಧಗಳನ್ನು ಹೇಳಿಕೊಡುವುದುಂಟು. ಕೈಯೂ ಪುಸ್ತಕವೂ ಕೂಡಿದ್ದರೆ ಅದು ಸಂಯೋಗ, ಬೇಕೆಂದಾಗ ಬಿಡಿಸಬಹುದು. ನೂಲಿಗೂ ಬಟ್ಟೆಗೂ ಇರುವುದು ಸಮವಾಯ, ಕೆಡಿಸದೆ ಬೇರ್ಪಡಿಸಲಾಗದು. ಕಬ್ಬಿಣದ ಬೋಲ್ಟಿಗೂ ಅದು ಕುಳಿತ ರಂಧ್ರಕ್ಕೂ ಇರುವುದು ಯಾವ ಸಂಬಂಧವೆಂದು ಕೇಳಿದರೆ ಯಾರಾದರೂ ಸಂಯೋಗವೆಂದೇ ಹೇಳಿಯಾರು. ಆದರೆ ಕೆಲವು ಮಳೆಗಾಲಗಳು ಕಳೆದ ಮೇಲೆ ಉತ್ತರವು ಅಷ್ಟು ಸುಲಭವಲ್ಲವೆಂಬುದು ಮೈಸೂರಿನ ಕೃಷ್ಣಮೂರ್ತಿಪುರದ ಒಂದು ಮನೆಯ ಅಂಗಳದಲ್ಲಿ ಈಚೆಗೆ ತಿಳಿದುಬಂದಿತು.

ಆ ಅಂಗಳದ ಪಾರಿಜಾತದ ಕೆಳಗೆ 1972ನೆಯ ಇಸವಿಯ ಅಂಬಾಸಿಡರ್ ಗಾಡಿಯೊಂದು ನಿಂತಿದೆ. ಅದನ್ನು ಕೊಂಡವರು ಮನೆಯ ಹಿರಿಯರು; ಸಾಕಿದವರು ಅವರ ಮಗ. ಈ ಮಗನು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು. 1961ರಲ್ಲಿ ಮೋಟಾರುಸೈಕಲ್ಲುಗಳನ್ನು ತಯಾರಿಸತೊಡಗಿದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಕಾರ್ಖಾನೆ ಹೋಯಿತು, ಕೈಯ ವಿದ್ಯೆ ಎಲ್ಲಿಗೆ ಹೋದೀತು? ಆತನು ಇದ್ದಷ್ಟು ದಿನವೂ ಗಾಡಿಯ ಒಂದು ತಿರುಪನ್ನಾದರೂ ಹೊರಗಿನವರು ಮುಟ್ಟಲಿಲ್ಲ. ಆತನು ತೀರಿಕೊಂಡು ಆರು ವರ್ಷಗಳಾದವು. ಅಂದಿನಿಂದ ಗಾಡಿಯ ಮೇಲೆ ಬೆಳಗ್ಗೆ ಹೂವು, ಮಧ್ಯಾಹ್ನ ಧೂಳು.

ಹದಿನೈದು ವರ್ಷ ಮೀರಿದ ಸ್ವಂತ ವಾಹನವನ್ನು ಐದೈದು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಪ್ಪಿಸಿ ನೋಂದಣಿಯನ್ನು ನವೀಕರಿಸಬೇಕಷ್ಟೆ. ಆ ಗಡುವು ಸಮೀಪಿಸಿತು. ಎಂಜಿನ್ನಿನ ನೀರಿನ ಪಂಪು ಸೋರುತ್ತಿತ್ತು. ಚಾಮುಂಡಿಬೆಟ್ಟ ಹಾಗಿರಲಿ, ಬಲ್ಲಾಳ್ ವೃತ್ತದವರೆಗೆ ಹೋಗುವಷ್ಟರಲ್ಲಿಯೇ ನೀರು ಕುದಿಯುವ ಸ್ಥಿತಿ. ರಿಪೇರಿಯ ಅಂಗಡಿಯವನೊಬ್ಬನು ನೋಡಿ, ಬೋಲ್ಟುಗಳು ತುಕ್ಕು ಹಿಡಿದಿವೆ, ಮುರಿದರೆ ತಾನು ಹೊಣೆಯಲ್ಲವೆಂದು ಕೈಮುಗಿದನು. ಮನೆಯಾಕೆ ಗುಜರಿಯವನಿಗೆ ಸೋಮವಾರ ಬರಹೇಳಿದರು. ಹೆಬ್ಬಾಳಿನ ಕಡೆ ಕಂಪ್ಯೂಟರಿನ ಕೆಲಸದಲ್ಲಿರುವ ಮಗನು, "ಎರಡು ದಿನ ಕೊಡಮ್ಮ, ನಾನೇ ಬಿಚ್ಚಿ ಹೊಸ ಪಂಪು ಹಾಕುತ್ತೇನೆ" ಎಂದನು. ಆಕೆ ಬೇಡವೆನ್ನಲಿಲ್ಲ, ಸರಿಯೆಂದೂ ಅನ್ನಲಿಲ್ಲ.

ಶುಕ್ರವಾರ ಸಂಜೆ ರೇಡಿಯೇಟರನ್ನೂ ಪಂಕವನ್ನೂ ಕಳಚಿ ಪಂಪಿನ ನಾಲ್ಕು ಬೋಲ್ಟುಗಳಿಗೆ ಕೈಯಿಟ್ಟನು. ಮೂರು ಸ್ವಲ್ಪ ಮುನಿಸಿಕೊಂಡು ಬಂದವು. ಎಲ್ಲಕ್ಕೂ ಕೆಳಗಿನ ನಾಲ್ಕನೆಯದು ಕದಲಲಿಲ್ಲ. ಬಲವನ್ನು ಹೆಚ್ಚಿಸಿದನು, ಸ್ಪ್ಯಾನರು ಜಾರಿ ಬೆರಳ ಗೆಣ್ಣಿನ ಚರ್ಮ ಸುಲಿಯಿತು. ಮತ್ತೆ ಹಾಕಿದನು, ಮತ್ತೆ ಜಾರಿತು. ಆರು ಮೂಲೆಯ ತಲೆ ದುಂಡಾಗತೊಡಗಿತು. ಕಡೆಗೆ ಸ್ಪ್ಯಾನರಿನ ಹಿಡಿಗೆ ಮೂರು ಅಡಿಯ ನೀರಿನ ಕೊಳವೆಯನ್ನು ತೊಡಿಸಿ ತೂಗಿಬೀಳಲು ಸಿದ್ಧನಾದಾಗ, ಬೇಲಿಯಾಚೆಯಿಂದ, "ಅಯ್ಯೋ ಮಗೂ, ನಿಲ್ಲಿಸಪ್ಪಾ!" ಎಂಬ ಕೂಗು ಕೇಳಿಸಿತು.

ಕೂಗಿದವರು ಎಪ್ಪತ್ತೈದು ದಾಟಿದ ನೆರೆಯವರು. ತಂದೆಯೊಡನೆ ಅದೇ ಕಾರ್ಖಾನೆಯಲ್ಲಿ ದುಡಿದವರು. ಬಂದು ಬಾಗಿ ನೋಡಿದರು. ಬೋಲ್ಟಿಗಿಂತ ಮೊದಲು ಸ್ಪ್ಯಾನರನ್ನು ನೋಡಿದರು.

"ಇದು ಎಷ್ಟರದು?"

"ಹದಿಮೂರು ಮಿಲಿಮೀಟರು, ಮಾಮ. ಸರಿಯಾಗಿಯೇ ಕೂರುತ್ತದೆ."

"ಕೂತ ಹಾಗೆ ಕಾಣುತ್ತೆ. ನಮ್ಮ ಜಾವಾ ಮಿಲಿಮೀಟರಿನದು. ಈ ಗಾಡಿ ಅಂಗುಲದ್ದು."

ಅಂಬಾಸಿಡರಿನ ಮೂಲವು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಹಳೆಯ ಎಂಜಿನ್ನುಗಳಲ್ಲಿ ಆ ದೇಶದ ಅಂಗುಲದ ಲೆಕ್ಕವೇ ಉಳಿದಿತ್ತು. ಅರ್ಧ ಅಂಗುಲವೆಂದರೆ 12.7 ಮಿಲಿಮೀಟರು. ಹದಿಮೂರರ ಸ್ಪ್ಯಾನರಿಗೂ ಅದಕ್ಕೂ ಇರುವ ಅಂತರ ಮಿಲಿಮೀಟರಿನ ಹತ್ತರಲ್ಲಿ ಮೂರು ಪಾಲು. ಸಡಿಲವಾದ ಬೋಲ್ಟಿಗೆ ಇದು ಲೆಕ್ಕಕ್ಕಿಲ್ಲ. ಹಟ ಹಿಡಿದದ್ದರ ಮೂಲೆಗಳನ್ನು ಸವೆಸುವುದಕ್ಕೆ ಇಷ್ಟೇ ಧಾರಾಳವಾಯಿತು. ವ್ಯಾಕರಣದಲ್ಲಿಯೂ ಅರ್ಧಮಾತ್ರೆಯ ತಪ್ಪಿನಿಂದ ಅನರ್ಥವಾಗುವುದುಂಟು. ಅಲ್ಲಿ ಬೆರಳು ಸುಲಿಯುವುದಿಲ್ಲ, ಅಷ್ಟೆ.

"ನಿಮ್ಮಪ್ಪನ ಅಂಗುಲದ ಸ್ಪ್ಯಾನರುಗಳು ಎಲ್ಲಿ?" ಎಂದು ಮುದುಕರು ಕೇಳಿದರು. ಮಗನಿಗೆ ತಿಳಿಯದು. ಬಾಗಿಲಲ್ಲಿ ನಿಂತಿದ್ದ ತಾಯಿ ಮಾತಾಡದೆ ಒಳಗೆ ಹೋಗಿ, ಅಟ್ಟದ ಮೇಲೆ ಹಿತ್ತಾಳೆಯ ಪಾತ್ರೆಗಳ ಹಿಂದಿದ್ದ ತಗಡಿನ ಪೆಟ್ಟಿಗೆಯನ್ನು ಇಳಿಸಿ ತಂದಿಟ್ಟರು. ಎಣ್ಣೆಬಟ್ಟೆಯಲ್ಲಿ ಸುತ್ತಿದ್ದ ಸ್ಪ್ಯಾನರುಗಳ ಮೇಲೆ ತುಕ್ಕಿನ ಸುಳಿವಿರಲಿಲ್ಲ. ಗುಜರಿಗೆ ಹಾಕಬೇಕೆಂದಿದ್ದವರ ಮನೆಯಲ್ಲಿ ಇವುಗಳಿಗೆ ಎಣ್ಣೆ ಸವರಿದವರು ಯಾರು ಎಂದು ಯಾರೂ ಕೇಳಲಿಲ್ಲ.

ಅಂದು ಬೋಲ್ಟನ್ನು ತಿರುಗಿಸಲು ಮುದುಕರು ಬಿಡಲಿಲ್ಲ. ಕಬ್ಬಿಣವು ತುಕ್ಕಾದಾಗ ತಾನಿದ್ದುದಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ರಂಧ್ರದೊಳಗೆ ಆ ಜಾಗವೆಲ್ಲಿ? ಆದುದರಿಂದ ಸುತ್ತುಗಳ ಎಡೆಯಲ್ಲಿ ಬಿರಡೆ ಬಡಿದಂತೆ ಬಿಗಿಯುತ್ತದೆ. ಬಲವಂತ ಮಾಡಿದರೆ ಸೋಲುವುದು ತುಕ್ಕಲ್ಲ, ಬೋಲ್ಟಿನ ಕತ್ತು. ಇದರ ದಪ್ಪವೆಷ್ಟು? ಅಂಗುಲದ ಹದಿನಾರರಲ್ಲಿ ಐದು ಪಾಲು. ಮುರಿದು ಒಳಗುಳಿದ ತುಂಡನ್ನು ಬೈರಿಗೆಯಿಂದ ಕೊರೆದು ತೆಗೆಯಬೇಕು. ಬೈರಿಗೆ ಒಂದಿಷ್ಟು ಓರೆಯಾದರೆ ಎಂಜಿನ್ನಿನ ಎರಕಕ್ಕೇ ಗಾಯ. ಮುದುಕರು ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಹನಿಸಿ, ತಲೆಯ ಮೇಲೆ ಸಣ್ಣ ಸುತ್ತಿಗೆಯಿಂದ ನೇರವಾಗಿ ನಾಲ್ಕು ಪೆಟ್ಟು ಹಾಕಿ, ಅದುರಿದ ಸಂದಿಗೆ ಮತ್ತೆ ಎಣ್ಣೆ ಹನಿಸಿ, "ನಾಳೆ ಬೆಳಗ್ಗೆ, ನಾಳೆ ಸಂಜೆ ಹೀಗೆಯೇ ಮಾಡು. ತಿರುಗಿಸಬೇಡ" ಎಂದು ಹೇಳಿ ಹೋದರು. ಒಂದು ಗುಂಡಿಯೊತ್ತಿದರೆ ಕೆಲಸ ನಡೆಯುವ ವೃತ್ತಿಯವನಿಗೆ ಆ ಶನಿವಾರ ಬಹಳ ದೀರ್ಘವಾಗಿತ್ತು.

ಭಾನುವಾರ ಬೆಳಗ್ಗೆ ಪೆಟ್ರೋಲಿನ ಕೊಳವೆಯನ್ನು ಕಳಚಿ ದೂರವಿಟ್ಟು, ಸುತ್ತಲೂ ಹಸಿ ಗೋಣಿ ಹೊದಿಸಿ, ಎಣ್ಣೆಯನ್ನು ಚೆನ್ನಾಗಿ ಒರೆಸಿದ ಮೇಲೆ ಬೋಲ್ಟಿನ ತಲೆಗೆ ಸಣ್ಣ ಜ್ವಾಲೆ ಹಿಡಿದರು. ಕಾದ ಬೋಲ್ಟು ಹಿಗ್ಗಿ ತುಕ್ಕನ್ನು ಅರೆಯುತ್ತದೆ. ಆರಿದಾಗ ಕುಗ್ಗಿ ಕೂದಲೆಳೆಯ ಸಂದು ಬಿಡುತ್ತದೆ. ಇನ್ನೂ ಬಿಸಿಯಿರುವಾಗಲೇ ಮೇಣದಬತ್ತಿಯನ್ನು ತಾಗಿಸಿದರು. ಕರಗಿದ ಮೇಣವನ್ನು ಆ ಸಂದು ಒಳಗೆಳೆದುಕೊಂಡಿತು. ಅರ್ಧ ಅಂಗುಲದ ರಿಂಗ್ ಸ್ಪ್ಯಾನರನ್ನು ಸವೆದ ತಲೆಯ ಮೇಲೆ ಸುತ್ತಿಗೆಯಿಂದ ತಟ್ಟಿ ಕೂರಿಸಿ ಮಗನ ಕೈಗೆ ಕೊಟ್ಟರು.

"ಈಗ ಬಿಗಿ ಮಾಡು."

"ಬಿಚ್ಚಬೇಕಲ್ಲವೆ, ಮಾಮ?"

"ಮೊದಲು ಒಂದು ಎಳ್ಳಷ್ಟು ಪ್ರದಕ್ಷಿಣೆ, ಆಮೇಲೆ ಅಪ್ರದಕ್ಷಿಣೆ. ಅದು ಹೋಗಬೇಕೆಂದಿರುವ ಕಡೆಗೇ ಮೊದಲು ಹೋಗಲಿ."

ಬಿಗಿದನು. ಟಕ್ಕೆಂದು ಸದ್ದಾಯಿತು. ಮಗನ ಮುಖ ಬಿಳಿಚಿತು, ಮುರಿಯಿತೆಂದೇ ಎಣಿಸಿದನು. ಮುದುಕರು ಮಾತ್ರ ಕಿವಿಯಿಂದಲೇ ತಿಳಿದರು. ಹಿಂದಕ್ಕೆ ಕಾಲು ಸುತ್ತು, ಮುಂದಕ್ಕೆ ಅರೆಪಾಲು, ಎಣ್ಣೆ, ಮತ್ತೆ ಹಿಂದಕ್ಕೆ. ಹೀಗೆ ಅರ್ಧ ಗಂಟೆಯ ಬಳಿಕ ನಾಲ್ಕನೆಯ ಬೋಲ್ಟು ಕೆಂಪು ಪುಡಿಯನ್ನು ಉದುರಿಸುತ್ತ ಇಡಿಯಾಗಿ ಅಂಗೈಗೆ ಬಂದಿತು.

ಮುದುಕರು ನಾಲ್ಕನ್ನೂ ಜೋಡಿಸಿಟ್ಟು ನೋಡಿದರು. ಮೂರರ ಸುತ್ತುಗಳಲ್ಲಿ ಹಳೆಯ ಗ್ರೀಸು ಕಪ್ಪಾಗಿ ಉಳಿದಿತ್ತು. ನಾಲ್ಕನೆಯದರಲ್ಲಿ ಅದರ ಗುರುತೂ ಇಲ್ಲ. "ಅವನು ಗ್ರೀಸು ಹಚ್ಚದೆ ಬೋಲ್ಟು ಹಾಕಿದವನೇ ಅಲ್ಲ. ಇದೇನು ಸೋಜಿಗ!"

"ಅದನ್ನು ಹಾಕಿದವಳು ನಾನು" ಎಂದರು ತಾಯಿ. ಕಡೆಯ ಸಲ ಪಂಪು ಬಿಚ್ಚಿದಾಗ ಆತನಿಗೆ ಬಗ್ಗಲು ತ್ರಾಣವಿರಲಿಲ್ಲ. ಮೇಲಿನ ಮೂರನ್ನು ತಾನು ಹಾಕಿ, ಕುರ್ಚಿಯಲ್ಲಿ ಕುಳಿತು, ಕೆಳಗಿನದನ್ನು ಇವರ ಕೈಯಲ್ಲಿ ಹಾಕಿಸಿದನು. "ಇನ್ನೂ ಬಿಗಿ, ಇನ್ನೂ ಬಿಗಿ ಅಂತಲೇ ಇದ್ದರು. ನಾನೂ ಬಿಗಿದೆ. ಗ್ರೀಸಿನ ಮಾತು ಹೇಳಲಿಲ್ಲ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮುದುಕರು, "ಒಳ್ಳೇ ಕೈಬಿಗಿ, ಅಕ್ಕಾವ್ರೇ, ನಿಮ್ಮದು" ಎಂದರು.

ಮಧ್ಯಾಹ್ನದ ಹೊತ್ತಿಗೆ ಹೊಸ ಪಂಪು ಕುಳಿತಿತು. ಮೂರು ಬೋಲ್ಟುಗಳಾದ ಮೇಲೆ ತಾಯಿ ಸೆರಗು ಸಿಕ್ಕಿಸಿಕೊಂಡು ಸ್ಪ್ಯಾನರಿಗೆ ಕೈಚಾಚಿದರು. "ಗ್ರೀಸು ಹಚ್ಚಿದ್ದೀಯೇನೋ?" ಎಂದು ಮಗನನ್ನು ಕೇಳಿ, ಅವನು ತೋರಿಸಿದ ಮೇಲೆಯೇ ಕೆಳಗಿನದನ್ನು ತಿರುಗಿಸಿದರು.

ಸೋಮವಾರ ಗುಜರಿಯವನು ತಕ್ಕಡಿಯೊಡನೆ ಬಂದನು. ಹಳೆಯ ಪಂಪನ್ನೂ ತಲೆ ಸವೆದ ಬೋಲ್ಟನ್ನೂ ತೂಗಿಸಿಕೊಂಡು, ಇಷ್ಟಕ್ಕೇ ಕರೆಸಿದಿರಾ ಎಂದು ಗೊಣಗುತ್ತ ಹೋದನು.