ಪಟ್ಟದಕಲ್ಲಿನಿಂದ ನವಿಲುತೀರ್ಥಕ್ಕೆ, ಹೊಳೆಗೆ ಎದುರಾಗಿ

ಬಾದಾಮಿ, ಪಟ್ಟದಕಲ್ಲು, ಐಹೊಳೆ ಅಂದ್ರೆ ಬೆಂಗಳೂರಿನ ನಮ್ಮಂಥವರಿಗೆ ಒಂದು ವೀಕೆಂಡ್ ಟ್ರಿಪ್. ಶುಕ್ರವಾರ ಸಂಜೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತೋದು, ಶನಿವಾರ ಗುಹೆ, ಭಾನುವಾರ ಗುಡಿ, ಮಧ್ಯೆ ಖಡಕ್ ರೊಟ್ಟಿ, ಎಣ್ಣೆಗಾಯಿ, ರಾತ್ರಿ ವಾಪಸ್. ಪಟ್ಟದಕಲ್ಲು, ಐಹೊಳೆ ಎರಡೂ ಮಲಪ್ರಭೆಯ ದಂಡೆಯ ಮೇಲೇ ಇವೆ. ಆದರೆ ನಮ್ಮ ಫೋಟೋಗಳಲ್ಲಿ ಹೊಳೆ ಬರೋದೇ ಇಲ್ಲ. ಬಂದರೂ ಗುಡಿಯ ಹಿಂದೆ ಒಂದು ಹಸಿರು ಗೆರೆ, ಅಷ್ಟೇ.

ಕಳೆದ ಡಿಸೆಂಬರ್‌ನಲ್ಲಿ ನಾನು ಮತ್ತು ನನ್ನ ಹಳೇ ರೂಮ್‌ಮೇಟ್ ಬೈಕಿನಲ್ಲಿ ಆ ಗೆರೆಯನ್ನೇ ಹಿಡಿದು, ನೀರು ಬರುವ ದಿಕ್ಕಿಗೆ ಎದುರಾಗಿ, ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟಿನವರೆಗೆ ಹೋದೆವು. ಅವನು ರೋಣ ತಾಲೂಕಿನವನು, ಮನೆ ಹೊಳೆಗೆ ಹತ್ತಿರ. "2019ರಾಗ ಏನಾತು ಅಂತ ಪ್ಯಾಟ್ಯಾಗ ಕುಂತು ಹೇಳಿದ್ರ ತಿಳಿಯಂಗಿಲ್ಲ, ಬಾ" ಅಂದಿದ್ದ.

ಪಟ್ಟದಕಲ್ಲಿನಲ್ಲಿ ಮಲಪ್ರಭೆ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ. ಉತ್ತರವಾಹಿನಿ ಅಂತ ಈ ಜಾಗಕ್ಕೆ ಪಾವಿತ್ರ್ಯ ಬಂತು, ಚಾಲುಕ್ಯರು ಇಲ್ಲೇ ಪಟ್ಟಾಭಿಷೇಕ ಮಾಡಿಕೊಂಡರು, ಗುಡಿಗಳನ್ನು ಕಟ್ಟಿದರು. ಪಲ್ಲವರ ಮೇಲಿನ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಮೂಡಣ ಬಾಗಿಲು ನೇರವಾಗಿ ಹೊಳೆಯ ಕಡೆಗೇ ತೆರೆಯುತ್ತದೆ. 2019ರ ಆಗಸ್ಟ್‌ನಲ್ಲಿ ಹೊಳೆ ಗುಡಿಗಳ ಅಂಗಳಕ್ಕೇ ಬಂತು. ಯುನೆಸ್ಕೊ ಪಟ್ಟಿಯ ಗುಡಿಗಳು ನೀರಲ್ಲಿ ನಿಂತ ಫೋಟೋ ಆಗ ಎಲ್ಲರ ಫೋನಿನಲ್ಲೂ ಓಡಾಡಿದ್ದು ನಿಮಗೂ ನೆನಪಿರಬಹುದು. ಸಾವಿರದ ಮುನ್ನೂರು ವರ್ಷದ ಕಲ್ಲಿಗೆ ಅದು ದೊಡ್ಡ ವಿಷಯವಲ್ಲ. ನೀರು ಇಳಿದ ಮೇಲೆ ಕೆಸರು ತೊಳೆದರು, ಜನ ಮತ್ತೆ ಟಿಕೆಟ್ ತಗೊಂಡು ಒಳಗೆ ಬಂದರು. ಆ ಫೋಟೋಗಳ ಅಂಚಿನಲ್ಲಿದ್ದ ಮಣ್ಣಿನ ಗೋಡೆಗಳ ವಿಷಯ ಬೇರೆ.

ಈ ಕಡೆ ಜನ 'ಪ್ರವಾಹ' ಅನ್ನೋದು ಅಧಿಕಾರಿಗಳ ಎದುರಿಗೆ ಮಾತ್ರ. ತಮ್ಮತಮ್ಮಲ್ಲಿ ಮಾತಾಡುವಾಗ "ಹೊಳಿ ಬಂತು" ಅಂತಾರೆ. ದಿನಾ ಅಲ್ಲೇ ಇರುವ ಹೊಳೆ 'ಬರೋದು' ಅಂದ್ರೇನು ಅಂತ ನನಗೆ ಮೊದಲು ವಿಚಿತ್ರ ಅನ್ನಿಸಿತ್ತು. ದಂಡೆ ನೋಡಿದ ಮೇಲೆ ಅರ್ಥ ಆಯ್ತು. ವರ್ಷದ ಬಹುಪಾಲು ಅಲ್ಲಿ ಹೊಳೆಯೇ ಇರೋದಿಲ್ಲ. ನಡುವೆ ಒಂದು ಸಣ್ಣ ಹರಿವು, ಅಲ್ಲಲ್ಲಿ ನಿಂತ ನೀರು, ಎರಡೂ ಕಡೆ ಬಳ್ಳಾರಿ ಜಾಲಿಯ ಕಂಟಿ. ಕೆಲವು ಕಡೆ ಹೊಲದ ಬದು ಎಲ್ಲಿ ಮುಗೀತು, ನದಿ ಎಲ್ಲಿ ಶುರುವಾಯ್ತು ಅಂತ ಹೇಳೋದೇ ಕಷ್ಟ. ಅಣೆಕಟ್ಟು ತುಂಬದೆ, ಹೊಳೆಗೆ ನೀರು ಬಿಡದೆ ವರ್ಷಗಟ್ಟಲೆ ಕಳೆದರೆ ಖಾಲಿ ಬಿದ್ದ ಒಳ್ಳೇ ಮಣ್ಣನ್ನು ಯಾವ ರೈತ ತಾನೇ ಸುಮ್ಮನೆ ಬಿಡ್ತಾನೆ? ಒಂದೊಂದು ವರ್ಷ ಒಂದೊಂದು ಸಾಲು ಮುಂದೆ ಹೋಗಿದೆ. ಅದನ್ನು ಬರೀ ಒತ್ತುವರಿ ಅಂತ ಬರೆದು ಕೈ ತೊಳೆದುಕೊಳ್ಳೋದು ನನಗೆ ಸರಿ ಕಾಣಲಿಲ್ಲ, ಅದರಿಂದ ಹೊಳೆಯ ಹಾದಿ ಕಿರಿದಾಗಿದ್ದು ನಿಜವಾದರೂ.

ಮಲಪ್ರಭೆ ಹುಟ್ಟೋದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಪಶ್ಚಿಮ ಘಟ್ಟದ ಭಾರೀ ಮಳೆಯ ನಾಡಿನಲ್ಲಿ. ಸುಮಾರು 300 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಹಾಗಾಗಿ ಇಲ್ಲಿ ಹೊಳೆ ಬರೋದಕ್ಕೆ ಇಲ್ಲೇ ಮಳೆ ಆಗಬೇಕು ಅಂತೇನಿಲ್ಲ. ನೆತ್ತಿ ಮೇಲೆ ಬಿಸಿಲಿರುವಾಗಲೂ ಘಟ್ಟದ ಮಳೆ ಅಣೆಕಟ್ಟು ತುಂಬಿಸಿ, ಗೇಟು ದಾಟಿ ಬರಬಹುದು. ಸಾಲದ್ದಕ್ಕೆ ಬೆಣ್ಣೆಹಳ್ಳ. ಹುಬ್ಬಳ್ಳಿ, ನವಲಗುಂದ ಕಡೆಯ ಎರೆನೆಲದ ನೀರನ್ನೆಲ್ಲ ಹೊತ್ತು ರೋಣ ತಾಲೂಕಿನಲ್ಲಿ ಮಲಪ್ರಭೆಗೆ ಸೇರುವ ಹಳ್ಳ ಅದು. ಹೆಸರಿಗಷ್ಟೇ ಹಳ್ಳ. 2019ರಲ್ಲಿ ಎರಡೂ ಒಟ್ಟಿಗೆ ಬಂದವು. ಹೊಳೆಆಲೂರು ಸುತ್ತಿನ ಊರುಗಳ ಜನ ಈ ಕಡೆ ಹೊಳೆ, ಆ ಕಡೆ ಹಳ್ಳ ಅಂತ ಮಧ್ಯೆ ಸಿಕ್ಕಿಕೊಂಡರು.

ಆ ಸುತ್ತಿನ ಒಂದೂರಲ್ಲಿ ಗೆಳೆಯನ ದೂರದ ಸಂಬಂಧಿ ಅಜ್ಜಿಯೊಬ್ಬರ ಮನೆಯಲ್ಲಿ ಚಹಾ ಕುಡಿದೆವು. ಮನೆ ಅಂದ್ರೆ ಈಗ ತಗಡಿನ ಶೆಡ್ಡು. ಪಕ್ಕದಲ್ಲಿ ಎದೆ ಎತ್ತರಕ್ಕೆ ನಿಂತ ಹಳೇ ಮಣ್ಣಿನ ಗೋಡೆ, ಅದರಲ್ಲಿ ಇನ್ನೂ ಒಂದು ಗೂಡು, ಗೂಡಿನಲ್ಲಿ ದೀಪದ ಮಸಿ.

"ಆಯಿ, ಮನಿ ನೀರಾಗ ಬಿತ್ತೇನು?" ಅಂತ ಗೆಳೆಯ ಕೇಳಿದ.

"ಇಲ್ಲೋ ತಮ್ಮಾ. ನೀರಾಗ ನಿಂತಿತ್ತು, ಬಿಸಲಿಗೆ ಬಿತ್ತು."

ಇದು ಒಗಟಲ್ಲ. ಇಲ್ಲಿಯ ಮನೆಗಳ ಗೋಡೆ ದಪ್ಪ ಮಣ್ಣಿನದು, ಮಾಳಿಗೆಯೂ ಮಣ್ಣಿನದೇ. ನೀರು ನಿಂತಾಗ ಗೋಡೆ ಹೀರಿಕೊಂಡು ಉಬ್ಬುತ್ತದೆ, ಆದರೆ ತಕ್ಷಣ ಬೀಳಲೇಬೇಕು ಅಂತಿಲ್ಲ. ನೀರು ಇಳಿದು ಬಿಸಿಲು ಬಿದ್ದ ಮೇಲೆ ಒಣಗಿ ಬಿರಿಯುತ್ತದೆ. ಬುಡ ಆಗಲೇ ಸಡಿಲಾಗಿರುತ್ತದೆ, ಮೇಲೆ ಮಾಳಿಗೆಯ ಭಾರ. ಒಂದು ರಾತ್ರಿ ಕೂತುಬಿಡುತ್ತದೆ. ಅಜ್ಜಿಯ ಮನೆ ಕೂತದ್ದು ಸರ್ವೇಯವರು ಬಂದು ಹೋದ ಮೇಲೆ.

ಆ ವರ್ಷ 22 ಜಿಲ್ಲೆಗಳ 103 ತಾಲೂಕುಗಳನ್ನು ನೆರೆಪೀಡಿತ ಅಂತ ಸರ್ಕಾರ ಘೋಷಿಸಿತ್ತು. ತಕ್ಷಣಕ್ಕೆ ಕುಟುಂಬಕ್ಕೆ 10 ಸಾವಿರ ಕೊಟ್ಟರು. ಮನೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು. ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಅಲ್ಪಸ್ವಲ್ಪ ಹಾನಿಯಾದರೆ 50 ಸಾವಿರ. ಹಣವೂ ಕಂತಿನಲ್ಲಿ: ಬುನಾದಿ ಹಾಕಿದರೆ ಒಂದು, ಗೋಡೆ ಎದ್ದರೆ ಇನ್ನೊಂದು, ಪ್ರತಿ ಹಂತಕ್ಕೂ ಜಿಪಿಎಸ್ ಫೋಟೋ. ಹಿಂದಿನ ಸಲಕ್ಕಿಂತ ಇದು ಒಳ್ಳೇ ಮೊತ್ತ ಅಂತ ಊರಿನವರೇ ಒಪ್ಪುತ್ತಾರೆ. ಅಜ್ಜಿಯ ಮನೆ ಮಾತ್ರ ಸರ್ವೇ ದಿನ ನಿಂತಿತ್ತಲ್ಲ, 'ಸಿ'ಗೆ ಹೋಯಿತು. ಆಮೇಲೆ ಬದಲಾಯಿಸೋಕೆ ಅವರ ಮಗ ಎಷ್ಟು ಸಲ ಅಲೆದರೋ, ಆಗಲಿಲ್ಲ. ಇಂಥ ಆ್ಯಪ್‌ಗಳನ್ನು ಬರೆಯೋದು ನಮ್ಮಂಥವರೇ. ಡ್ರಾಪ್‌ಡೌನ್‌ನಲ್ಲಿ ಮೂರು ಆಯ್ಕೆ ಇಟ್ಟು, ಸಬ್ಮಿಟ್ ಆದ ಮೇಲೆ ಲಾಕ್ ಮಾಡಿ, ಇದರಿಂದ ಅಕ್ರಮ ತಪ್ಪುತ್ತೆ ಅಂತ ಮೀಟಿಂಗಿನಲ್ಲಿ ಹೇಳ್ತೀವಿ. ತಪ್ಪಿರಲೂಬಹುದು. 'ಇನ್ನೆಂಟು ದಿನಕ್ಕೆ ಬೀಳುತ್ತೆ' ಅನ್ನೋ ಆಯ್ಕೆ ಯಾರ ತಲೆಗೂ ಬಂದಿರಲಿಕ್ಕಿಲ್ಲ.

ಹಾಗಾದ್ರೆ 2009ರ ನೆರೆಯ ನಂತರ ಕಟ್ಟಿಸಿಕೊಟ್ಟ ಆಸರೆ ಮನೆಗಳು? ಅವೂ ಇವೆ. ಊರಿಂದ ಸ್ವಲ್ಪ ದೂರ, ಎತ್ತರದ ಜಾಗದಲ್ಲಿ, ಸಾಲಾಗಿ. ಅಲ್ಲಿಗೂ ಹೋದೆವು. ಕೆಲವು ಮನೆಗಳ ಮುಂದೆ ರಂಗೋಲಿ, ಬಟ್ಟೆ ಒಣಗಿಸಿದ ಹಗ್ಗ. ಕೆಲವಕ್ಕೆ ಬೀಗ. ಕೆಲವಕ್ಕೆ ಬಾಗಿಲೇ ಇಲ್ಲ, ಒಳಗೆ ಜಾಲಿ ಬೆಳೆದಿದೆ. "ಸರ್ಕಾರ ಮನೆ ಕೊಟ್ರೂ ಜನ ಹೋಗಲ್ಲ" ಅಂತ ನಾವು ಬೆಂಗಳೂರಲ್ಲಿ ಕೂತು ಆರಾಮಾಗಿ ಹೇಳ್ತೀವಿ. ಅಜ್ಜಿಯನ್ನು ಕೇಳಿದ್ದಕ್ಕೆ ಅವರು ಲೆಕ್ಕ ಒಪ್ಪಿಸಿದರು. ಮೂವರು ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಒಂದೇ ಹಳೇ ಮನೆಯಲ್ಲಿದ್ದರು. ರೇಷನ್ ಕಾರ್ಡು ಒಂದು, ಆಸರೆ ಮನೆಯೂ ಒಂದು.

"ಎರಡು ಖೋಲಿ ಐತಿ ಯಪ್ಪಾ. ಎಮ್ಮಿ ಎಲ್ಲಿ ಕಟ್ಟೂದು, ಹೊಟ್ಟು ಎಲ್ಲಿ ಹಾಕೂದು? ಹೊಲ ಈ ಕಡೆ, ಮನಿ ಆ ಕಡೆ. ರಾತ್ರಿ ಎಮ್ಮಿ ಈದ್ರ ನಾ ಹೆಂಗ ಬರ್ಲಿ?"

ಹಕ್ಕುಪತ್ರವೂ ಬಹಳ ದಿನ ಕೈಗೆ ಬಂದಿರಲಿಲ್ಲ. 2019ರಲ್ಲಿ ಹೊಳೆ ಬಂದಾಗ ಇದೇ ಕುಟುಂಬ ಎಮ್ಮೆಗಳನ್ನು ಹೊಡೆದುಕೊಂಡು ಅದೇ ಆಸರೆ ಮನೆಗೆ ಓಡಿತ್ತು. ಹದಿನೈದು ದಿನ ಇದ್ದು ವಾಪಸ್ ಬಂದರು. ಈಗ ದೊಡ್ಡ ಮಗ ಅಲ್ಲಿ, ಉಳಿದವರು ಇಲ್ಲಿ. ಒಂದು ಮನೆ ಎರಡು ಕಡೆ ಆಗಿದ್ದೇ ಅಜ್ಜಿಗೆ ಬಿದ್ದ ಗೋಡೆಗಿಂತ ದೊಡ್ಡ ಸಂಕಟ. ಅದನ್ನು ಅವರು ಬಾಯಿ ಬಿಟ್ಟು ಹೇಳಲಿಲ್ಲ. ಚಹಾ ಕೊಡುವಾಗ ಮಾತ್ರ, "ಹಿರಿಯಾ ಇದ್ದಿದ್ರ ಅವಂಗೂ ಒಂದ್ ಕಪ್ ಆಕ್ಕಿತ್ತು" ಅಂದರು. ಹಿರಿಯ ಮಗ ಇರೋದು ಹತ್ತು ನಿಮಿಷದ ದಾರಿಯಲ್ಲಿ.

ಕೊಣ್ಣೂರು ಹತ್ತಿರ ಹುಬ್ಬಳ್ಳಿ-ವಿಜಯಪುರ ಹೆದ್ದಾರಿ ಹೊಳೆ ದಾಟುತ್ತದೆ. 2019ರಲ್ಲಿ ಇಲ್ಲಿ ರಸ್ತೆಯೇ ಕೊಚ್ಚಿಹೋಗಿ ಸಂಚಾರ ನಿಂತಿತ್ತು. ಈಗ ಲಾರಿಗಳು ಭರ್‌ ಅಂತ ಹೋಗ್ತಾವೆ. ರಸ್ತೆ ಪಕ್ಕ ಪೇರಲ ಹಣ್ಣಿನ ಬುಟ್ಟಿ ಇಟ್ಟುಕೊಂಡ ಹೆಂಗಸರು. ಕೊಣ್ಣೂರ ಪೇರಲ ಈ ಭಾಗದಲ್ಲಿ ಹೆಸರುವಾಸಿ, ಉಪ್ಪು-ಖಾರ ಹಚ್ಚಿ ಕೊಡ್ತಾರೆ, ತಪ್ಪಿಸಿಕೊಳ್ಳಬೇಡಿ. ಮಾರುತ್ತಿದ್ದ ಅಕ್ಕ ಹೇಳಿದ್ದು: ಹೆಸರು, ಗೋವಿನಜೋಳ ಹೋದ್ರೆ ಒಂದು ಹಂಗಾಮು ಹೋಯ್ತು, ಗಿಡ ಕೊಳೆತು ಹೋದ್ರೆ ಮತ್ತೆ ಹಚ್ಚಿ ಹಣ್ಣು ನೋಡೋಕೆ ವರ್ಷಗಳೇ ಬೇಕು. ಅವರ ಬುಟ್ಟಿಯ ಹಣ್ಣು ಹೊಸ ಗಿಡದ್ದು.

ನರಗುಂದದಲ್ಲಿ ಊಟಕ್ಕೆ ನಿಂತೆವು. ನೀರಿಗಾಗಿ, ನೀರಿನ ಕರದ ವಿರುದ್ಧ ಎದ್ದ ಊರು ಇದು. ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರ ವಿರೋಧಿಸಿ 1980ರ ಜುಲೈ 21ರಂದು ನಡೆದ ಬಂಡಾಯದಲ್ಲಿ ಗುಂಡಿಗೆ ಸತ್ತ ರೈತನ ವೀರಗಲ್ಲು ಇಲ್ಲಿದೆ. 2015ರಲ್ಲಿ ಕಳಸಾ-ಬಂಡೂರಿಯ 7.56 ಟಿಎಂಸಿ ನೀರನ್ನು ಮಲಪ್ರಭೆಗೆ ತಿರುಗಿಸಿ ಅಂತ ಜನ ಧರಣಿ ಕೂತದ್ದೂ ಇದೇ ಊರಲ್ಲಿ. ವರ್ಷಗಟ್ಟಲೆ ಕೂತರು. ಹಾಗೆ ನೀರು ಕೇಳಿದ ತಾಲೂಕಿನ ಹಳ್ಳಿಗಳೇ 2019ರಲ್ಲಿ ಮುಳುಗಿದವು. "ಅಳಬೇಕೋ ನಗಬೇಕೋ" ಅಂತ ಖಾನಾವಳಿಯವರು ಕೇಳಿದರು, ನಾವಿಬ್ಬರೂ ರೊಟ್ಟಿ ಮುರಿಯುತ್ತ ಕೂತೆವು.

ನವಿಲುತೀರ್ಥದಲ್ಲಿ ಎರಡು ಗುಡ್ಡಗಳ ಮಧ್ಯದ ಕಣಿವೆಗೆ ಅಡ್ಡಲಾಗಿ ಅಣೆಕಟ್ಟು. ಹಿಂದೆ ರೇಣುಕಾ ಸಾಗರ, 37.73 ಟಿಎಂಸಿ ಹಿಡಿಯುವಷ್ಟು. ಹುಬ್ಬಳ್ಳಿ-ಧಾರವಾಡದ ಕುಡಿಯುವ ನೀರು, ಕೆಳಗಿನ ತಾಲೂಕುಗಳ ಕಾಲುವೆ ಎಲ್ಲಾ ಇದರಿಂದಲೇ. ಬರ ಕಂಡವರಿಗೆ ಒಂದು ಹನಿ ಬಿಡೋಕೂ ಮನಸ್ಸು ಬರಲ್ಲ; ಘಟ್ಟದಲ್ಲಿ ಮಳೆ ಹಿಡಿದರೆ ಬಿಡದೇ ಗತಿಯಿಲ್ಲ. ಮೊದಲೇ ಬಿಟ್ಟು ಜಾಗ ಮಾಡಿಕೊಂಡರೆ, ಮಳೆ ಕೈಕೊಟ್ಟರೆ? ಆ ಗೇಟಿನ ಗುಂಡಿ ಒತ್ತುವ ಕೆಲಸ ನನಗೆ ಬೇಡ.

ಮಳೆಗಾಲದಲ್ಲಿ ಗೇಟು ತೆರೆದಾಗ ಇಲ್ಲಿ ಜಾತ್ರೆಯಂತೆ ಜನ, ಮಿರ್ಚಿ-ಗಿರ್ಮಿಟ್, ರೀಲ್ಸ್. ಆ ರೀಲ್ಸ್ ಗೆಳೆಯನ ಊರಿನ ವಾಟ್ಸಾಪ್ ಗ್ರೂಪಿಗೂ ಬರುತ್ತಂತೆ. ಅದು ಬಂದ ಕೂಡಲೇ ಅವನ ಅವ್ವ ಜೋಳದ ಚೀಲಗಳನ್ನು ಅಟ್ಟಕ್ಕೆ ಏರಿಸೋಕೆ ಶುರು ಮಾಡ್ತಾರಂತೆ.

ಅಷ್ಟರಲ್ಲಿ ಅವರದೇ ಫೋನ್ ಬಂತು. ಎಲ್ಲಿದ್ದೀರಿ, ಉಂಡ್ರೇನು ಅಂತ ವಿಚಾರಿಸಿ, "ಡ್ಯಾಮಿನ್ಯಾಗ ನೀರ ಎಷ್ಟ ಐತೋ?" ಅಂದರು.

"ಡಿಸೆಂಬರ್ ಐತವಾ, ಈಗ ಯಾಕ ಕೇಳ್ತಿ?"

"ಸುಮ್ನ ಕೇಳ್ದೆ."

ಫೋನಿಟ್ಟ ಮೇಲೆ ಅವನು ಕಾವಲುಗಾರನ ಹತ್ತಿರ ಹೋಗಿ ಮಟ್ಟ ಎಷ್ಟಿದೆ ಅಂತ ಕೇಳಿಕೊಂಡು ಬಂದು, ಅವ್ವನಿಗೆ ಮೆಸೇಜ್ ಹಾಕಿದ.